ಚಾಕುವಿನ ತುದಿಯಷ್ಟು

ನಿದ್ದೆ ಬರಿಸುವುದು ನನ್ನ ಕಸುಬು.
ಅದಕ್ಕೂ ಮುಂಚೆ ಕೇಳುವುದು:
ಕಟ್ಟಿಸಿದ ಹಲ್ಲಿದೆಯೇ, ಎಷ್ಟು ಕುಡಿಯುತ್ತೀರಿ,
ಯಾವ ಗುಳಿಗೆ, ಯಾವ ಹೊತ್ತಿಗೆ.

ಲೇವಾರ್ಡನ್ನಿನ ಆಸ್ಪತ್ರೆ, ನವೆಂಬರು. ಕಿಟಕಿಯಾಚೆ ಕಾಲುವೆ
ಸೀಸದ ತಗಡಿನ ಹಾಗೆ ಬಿದ್ದಿದೆ.
ಸೀಬ್ರೆನ್ ವೀರ್ಸ್ಮಾ, ಅರವತ್ತೊಂದು, ಚೀಸು ಮಾಡುವವ,
ಪಿತ್ತಕೋಶದಲ್ಲಿ ಕಲ್ಲು.
‘ಗುಳಿಗೆಯೇ? ಇಲ್ಲವಲ್ಲ.’
ಪಕ್ಕದಲ್ಲಿ ಹೆಂಡತಿ ವಿಟ್ಸ್ಕೆ, ಮಡಿಲಲ್ಲಿ ಕೈಚೀಲ.

ಇಲ್ಲ ಎಂದೇ ಬರೆದುಕೊಂಡೆ. ಮಾತಿಗೆ ಮಾತು ಬಂತು:
ಮೂರು ವರ್ಷ ಹಣ್ಣಾದ ಚಕ್ರಗಳು, ಲವಂಗ ಹಾಕಿದವು,
ಮಗುವನ್ನು ಮಗ್ಗುಲಾಗಿಸಿದಂತೆ ವಾರಕ್ಕೊಮ್ಮೆ ತಿರುವಿಡಬೇಕು.
‘ನಿಮಗೆ ಯಾವುದಿಷ್ಟ?’
‘ನಾನು ತಿನ್ನುವುದಿಲ್ಲ. ಮೂಸುತ್ತೇನೆ.
ನಾಲಿಗೆಗೆ ಚಾಕುವಿನ ತುದಿಯಷ್ಟು, ಆಮೇಲೆ ಉಗುಳು.
ಹದಿನೇಳು ವರ್ಷವಾಯಿತು.’

ಪೆನ್ನು ನಿಂತಿತು.
ಹಳೆಯ ಚೀಸು ಮುಟ್ಟಬೇಡ ಎನ್ನುವ ಗುಳಿಗೆ
ಲೋಕದಲ್ಲಿ ಬಹಳವಿಲ್ಲ.
ಬೇರೆ ಯಾವುದಕ್ಕೂ ಏಳದ ಮನಸ್ಸಿಗೆ
ಕಟ್ಟಕಡೆಗೆ ಬರೆದುಕೊಡುವಂಥದ್ದು.
ನೋವಿಗೆಂದು ನಾನು ಪೆಥಿಡಿನ್ ಏರಿಸಿದ್ದರೆ
ಮೈ ಕುದಿದು, ಸ್ನಾಯು ಸೆಟೆದು...
ಒಂದು ‘ಇಲ್ಲವಲ್ಲ’ದ ಬೆಲೆ.

‘ಕಾಫಿ ತರುತ್ತೀರಾ?’ ವಿಟ್ಸ್ಕೆಯನ್ನು ಕಳಿಸಿದೆ.
ಬಾಗಿಲು ಮುಚ್ಚಿದ ಮೇಲೆ ಆತ ಹೇಳಿದ, ನೆಲಕ್ಕೆ:
‘ಆ ವರ್ಷ ಕಾಲುವೆ ಹೆಪ್ಪುಗಟ್ಟಿತ್ತು.
ಊರೆಲ್ಲ ಜಾರುವ ಬೂಟು ಕಟ್ಟಿಕೊಂಡಿತು.
ನಾನು ಗಡ್ಡೆ ತೆಳ್ಳಗಿರುವ ಜಾಗ ಹುಡುಕುತ್ತಿದ್ದೆ.
ಅಂದಿನಿಂದ ದಿನಕ್ಕೆರಡು. ಹೆಪ್ಪಿನ ಡಬ್ಬಿಯ ಹಿಂದೆ ಇಟ್ಟಿದ್ದೇನೆ.
ಅವಳಿಗೆ ಗೊತ್ತಿಲ್ಲ. ನಿಲ್ಲಿಸಬೇಕೇ?’

ಬೇಡ, ಅಂದೆ. ನಿಲ್ಲಿಸಿದರೆ ಆ ಚಳಿಗಾಲ ಮರಳೀತು.
ಬದಲಾಗಬೇಕಾದ್ದು ನನ್ನ ತಟ್ಟೆ.

ವಿಟ್ಸ್ಕೆ ಬಂದಳು, ಮೂರು ಲೋಟ, ತುಳುಕಿಸದೆ.
ಕೂತವಳೇ ಗಂಡನನ್ನು ಕೇಳಿದಳು:
‘ಹೆಪ್ಪಿನ ಡಬ್ಬಿಯ ಹಿಂದಿನದನ್ನು ಹೇಳಿದೆಯಾ?’

ಹದಿನೇಳು ವರ್ಷ ಅವನ ಬುತ್ತಿಯ ಬ್ರೆಡ್ಡಿಗೆ
ಅಂದಂದಿನ ಎಳೆ ಚೀಸನ್ನೇ ಸವರಿ ಕಟ್ಟಿದವಳು.
ಯಾರೂ ಯಾರ ಮುಖವನ್ನೂ ನೋಡಲಿಲ್ಲ.
ಕಾಫಿ ಕುಡಿದೆವು. ಸಕ್ಕರೆ ಹೆಚ್ಚಾಗಿತ್ತು.

ಮಂಗಳವಾರ, ಹನ್ನೊಂದು ನಲವತ್ತು.
ಹೊಟ್ಟೆಗೆ ಗಾಳಿ ತುಂಬಿದರು. ರಕ್ತದೊತ್ತಡ ಇಳಿಯಿತು,
ಎಂಬತ್ತು, ಎಪ್ಪತ್ತೆರಡು.
ನನ್ನ ಬಲಗೈ, ಇಪ್ಪತ್ತು ವರ್ಷದ ರೂಢಿ,
ತಾನಾಗಿ ಎಫೆಡ್ರಿನ್ ಇರುವ ಮೂಲೆಗೆ ಹೋಯಿತು.
ಮೂಲೆ ಖಾಲಿ.
ಬೆಳಿಗ್ಗೆ ನಾನೇ ತೆಗೆದಿಟ್ಟಿದ್ದೆ,
ನನ್ನ ಕೈಯನ್ನು ನಂಬದೆ.

ಬೇರೆ ಸಿರಿಂಜು. ಚಾಕುವಿನ ತುದಿಯಷ್ಟು.
ಕಾದೆ.
ಎಪ್ಪತ್ತೆಂಟು.
ತೊಂಬತ್ತು.
ಅವನ ಬೆರಳ ಸಂದಿಯಲ್ಲಿ, ಎಷ್ಟು ತೊಳೆದಿದ್ದರೂ,
ಲವಂಗದ ವಾಸನೆ.