ಸೋಮವಾರ ಹನ್ನೊಂದರೊಳಗ

ಸಾಂಗಲಿಯ ಕಣ್ಣಿನ ದವಾಖಾನಿಯಿಂದ ಕಾಗದ ಬಂದದ:
ಇಪ್ಪತ್ತೊಂದು ಸಾವಿರ, ಬರೇ ಹಗಲ ಪಾಳಿ, ಐತವಾರ ಸೂಟಿ.
ಸೋಮವಾರ ಹನ್ನೊಂದರೊಳಗ ಹೂಂ ಅನ್ನಬೇಕು,
ಇಲ್ಲಾಂದ್ರ ಯಾದಿಯೊಳಗಿನ ಮುಂದಿನ ಹೆಸರು.
ಅವ್ವಗ ಎರಡು ಸಲ ಮರಾಠಿ ಓದಿ ಕನ್ನಡದಾಗ ಹೇಳಿದೆ,
ಎರಡನೇ ಸಲ ಪಗಾರ ಇದ್ದ ಸಾಲಿಗಷ್ಟ ಆಕಿ ಕಿವಿ ಕೊಟ್ಟಳು.

ಆ ಕೆಲಸಕ್ಕ ಹೆಸರಿಡೂಹಂಗಿಲ್ಲ.
ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಹನಿ,
ಸಾಲಾಗಿ ಕೂತ ಮುದುಕರು ಮುಖ ಮ್ಯಾಲೆ ಮಾಡಿ
ಮಳಿಗೆ ಕಾದವರಂಗ.
ನೋಡಿ ಬರಲಿಕ್ಕೆ ಹೋದ ದಿನ ಉಮದಿಯ ಒಬ್ಬಾಕಿ, ಪಟ್ಟಿ ಬಿಚ್ಚಿದ ಕೂಡಲೇ,
"ಧ್ವನಿ ಕೇಳಿ ಬೆಳ್ಳಗದಿ ಅನಕೊಂಡಿದ್ದೆ ಬಾಯಿ" ಅಂದಳು.
ಇಬ್ಬರೂ ನಕ್ಕೇವಿ.
ಅಲ್ಲಿಂದ ಎಲ್ಲಾರೂ ನಡಕೋತ ಮನಿಗೆ ಹೋಗ್ತಾರ.

ಇಲ್ಲಿ ಮಿರಜಿನ್ಯಾಗ, ಎಳಿ ಕೂಸುಗಳ ಖೋಲಿಯಿಂದ,
ಎಲ್ಲಾರೂ ಹೋಗೂದಿಲ್ಲ.
ಮೂರು ತಿಂಗಳು ಕಲೀಲಿಕ್ಕಿದ್ದೆ.
ಒಂಬೈನೂರು ಗ್ರಾಮಿನ ಕೂಸು,
ನನ್ನ ಉಂಗುರ ಅದರ ಮೊಣಕೈ ದಾಟಿ ತೋಳಿಗೆ ಏರೂವಷ್ಟು ಸಣ್ಣದು
(ಉಂಗುರ ಅಲ್ಲಿ ಹಾಕಲಿಕ್ಕೆ ಬಿಡೂದಿಲ್ಲ,
ಮನಸ್ಸಿನ್ಯಾಗ ಹಾಕಿ ನೋಡಿದ್ದೆ).
ಉಸುರು ಮರತು ಬಿಡ್ತಾವ ಅವು.
ಅಂಗಾಲಿಗೆ ಬೆರಳಿಂದ ಮೆಲ್ಲಕ ತಟ್ಟಿದ್ರ
ಹೌದಲ್ಲ, ಅಂದಂಗ
ಮತ್ತ ನೆನಪು ಮಾಡ್ಕೋತಾವ.
ಆ ಹೌದಲ್ಲಕ್ಕ ನಾ ಬಿದ್ದೀನಿ.

ಅಥಣಿ ಕಡಿ ಒಬ್ಬ ತಾಯಿ ಗಾಜಿನ ಆಚೆ ನಿಂತು
ಡಾಕ್ಟರು ಅಂದಿದ್ದು ತಿಳೀದ ನನ್ನ ಬಾಯಿ ನೋಡ್ತಿದ್ದಳು.
"ಹತ್ತು ಗ್ರಾಮ ಏರೇದ, ತಂಗಿ" ಅಂದೆ.
ಆ ಹತ್ತು ಗ್ರಾಮ ನನ್ನ ನಾಲಿಗಿ ಮ್ಯಾಲೇ ತೂಗಿದಂಗಾತು.

ಆದ್ರ ಜಾಗ ಖಾಲಿ ಇಲ್ಲ. ಸಾಳ್ವೆ ಮೇಟ್ರನ್ ಒಂದೇ ಮಾತಂದ್ರು:
"ವೈಜಯಂತಿ ಬಾಣಂತನದ ರಜಾ ಮುಗಿಸಿ ಬರಲಿಲ್ಲಂದ್ರ ನೋಡೋಣ."
ಅವತ್ತಿನಿಂದ ಆಕಿ ಬರಬಾರದಂತ ಬೇಡಕೊಂಡೀನಿ.
ಬರಬಾರದಂದ್ರ ಏನಾಗಬೇಕು ಆಕಿ ಮನ್ಯಾಗ?
ಅತ್ತಿ ಬಿಡಬಾರದು, ಗಂಡ ಒಲ್ಲೆ ಅನ್ನಬೇಕು, ಇಲ್ಲಾ ಕೂಸಿಗೆ ಏನರೆ...
ಅಲ್ಲಿಗೆ ನಾಲಿಗಿ ಕಚಗೊಂಡೆ.
ಕೂಸು ಉಳಸೂ ಕೆಲಸ ಬೇಡೂ ಬಾಯಿ ಇದು!

ಐತವಾರ ಮಾಳಗಿ ಮ್ಯಾಲೆ ನಿಂತಿದ್ದೆ. ಎದುರಿನ ಮನಿಯವರು
ತಂಬೂರಿಗಂತ ಸೋರಿ ಬುರುಡಿ ಒಣಗಲಿಕ್ಕೆ ಹಾಕ್ಯಾರ.
ಮುದುಕ ಒಂದೊಂದನ್ನ ಬೆರಳಿಂದ ಬಡದು, ಕಿವಿ ಹಚ್ಚಿ ಕೇಳತಾನ.
ಒಂದನ್ನ ಬಡದ, ಸುಮ್ಮನ ಕೂತ, ಬ್ಯಾರೆ ಇಟ್ಟ.
ಯಾಕಂತ ಕೇಳಲಿಲ್ಲ.
ಕೆಳಗಿಳದು ವೈಜಯಂತಿಗೆ ಫೋನು ಹಚ್ಚಿದೆ.
ನೀ ಬರಾಕಿ ಏನ?
ಸೀದಾ ಕೇಳೇಬಿಟ್ಟೆ.

ಹಿಂದ ಆಕಿ ಕೂಸು ಚೀರತಿತ್ತು,
ಫುಪ್ಫುಸ ಗಟ್ಟಿ ಇದ್ದ ಕೂಸಿನ ಚೀರಾಟ. ಎದಿ ಹಗುರಾತು.
"ಬರ್ತೀನಿ. ರಾತ್ರಿ ಪಾಳಿ ಮಾತ್ರ ಆಗೂದಿಲ್ಲಂತ ನಿನ್ನೇ ಬರದು ಕೊಟ್ಟೀನಿ.
ರಾತ್ರಿಗೆ ಯಾರೂ ಸಿಗವಲ್ರು, ಪಗಾರ ಹದಿನೈದು.
ನಿನ್ನ ಹೆಸರು ಹೇಳಲೇನ, ಭಾಗೂ?"

ಅವ್ವ ರೊಟ್ಟಿ ಬಡಿಯೂದು ನಿಲ್ಲಿಸಿರಲಿಲ್ಲ.
"ಎಷ್ಟು ಕಮ್ಮಿ?"
ಆರು ಸಾವಿರ.
ಮೆಸ್ಸಿಗೆ ದಿನಾ ನೂರು ರೊಟ್ಟಿ ಮಾಡಾಕಿ,
ಆರು ಸಾವಿರಕ್ಕ ಎಷ್ಟು ರೊಟ್ಟಿ ಅಂತ ಆಕಿ ಕೈಗೆ ಗೊತ್ತದ.
ಬಾಯಿಂದ ಅನ್ನಲಿಲ್ಲ. ಹಂಚಿನ ಮ್ಯಾಲಿಂದು ತಿರುವಿ ಹಾಕಿದಳು.

ಕಣ್ಣಿನ ದವಾಖಾನಿಗೆ ಮರಾಠಿಯೊಳಗ ಬರೀಲಿಕ್ಕೆ ಕೂತೆ.
"ಆಭಾರಿ" ತನಕ ಸರಳ ಬಂತು,
ಮುಂದಿನ ಶಬ್ದ ಬರವಲ್ದು.
ತಲಿ ಎತ್ತಿದ್ರ, ಅವ್ವ ಹಿಟ್ಟಿನ ಡಬ್ಬಿ ಮ್ಯಾಲೆ ಹತ್ತಿ
ಮೂಡಲ ಕಿಡಕಿಗೆ ಹಳೆ ಕೌದಿ ಹಿಡದು ಅಳತಿ ನೋಡ್ತಾಳ.
ಹಲ್ಲಿನ್ಯಾಗ ಎರಡು ಮೊಳಿ, ಅವುಗಳ ನಡುವಿಂದ ಮಾತು:
"ಹಗಲ ಮಲಗಾಕಿ ಕಣ್ಣಿಗೆ ಬಿಸಲು ಬೀಳ್ತದ.
ಆ ಕಲ್ಲು ಕೊಡ ಇಲ್ಲಿ."