ನೊಣದ ಹಿಕ್ಕೆ

ಹಾಪ್ಸಲುವಿನ ಹಳೆಯ ಔಷಧದಂಗಡಿ ಮುಚ್ಚಿದ ವಾರ
ಮೇಜಿನ ಕುಂಟುಗಾಲಿನ ಕೆಳಗೆ ಸಿಕ್ಕಿದ್ದು ಈ ಪುಸ್ತಕ.
ನಾವಿಕರ ಕೈಪಿಡಿ, ಸಾವಿರದೆಂಟುನೂರ ಅರವತ್ತೆಂಟು,
ಮುಳ್ಳುಮುಳ್ಳು ಜರ್ಮನ್ ಅಕ್ಷರ,
ಕೊನೆಯಲ್ಲಿ ಮಡಿಸಿಟ್ಟ ಹನ್ನೊಂದು ನಕ್ಷೆ.
ಬಿಚ್ಚಿದರೆ ಕಡಲು
ಒಣರೊಟ್ಟಿಯ ಹಾಗೆ ಮುರಿಯುತ್ತಿತ್ತು.

ಹಗಲೆಲ್ಲ ನಾನು ರೋಹುಕ್ಯೂಲ ಹಡಗುಕಟ್ಟೆಯ ಗೂಡಿನಲ್ಲಿ
ಟಿಕೆಟು ಹರಿಯುವವಳು.
ರಾತ್ರಿ, ಉಂಡ ತಟ್ಟೆ ತೊಳೆಯದೆ,
ಸ್ಕ್ಯಾನರಿನ ಮುಚ್ಚಳ ಎತ್ತುತ್ತಿದ್ದೆ.
ಯಾರೂ ಹೇಳಿದ ಕೆಲಸವಲ್ಲ, ಯಾರೂ ಕಾಸು ಕೊಡುವುದಿಲ್ಲ.
ಇದರಿಂದ ಏನು ಬಂತು, ಅಂದಳು ಅಕ್ಕ.
ಉಂಗುರದೊಳಗೆ ನುಸುಳುವ ಶಾಲು ಹೆಣೆಯುವವಳು,
ಅವಳಾದರೂ ಕೇಳಬಾರದಿತ್ತು.

ಮೊದಲು ಹಳದಿ ಹೋಗಬೇಕು.
ಆಮೇಲೆ ಮಡಿಕೆಯ ಗಾಯ.
ಆಮೇಲೆ ಹಿಂಬದಿಯ ಪುಟದಿಂದ ತೂರಿಬಂದ ಅಕ್ಷರಗಳ ನೆರಳು,
ಗೋಡೆಯಾಚೆಯ ಜಗಳದ ಹಾಗೆ
ಕೇಳಿಸುತ್ತದೆ, ಅರ್ಥವಾಗುವುದಿಲ್ಲ.
ಎಂಟು ಪಟ್ಟು ಹಿಗ್ಗಿಸಿದರೆ ಗೆರೆ ಗೆರೆಯಲ್ಲ,
ದಂಡೆ ಎಂಬುದು ಮೆಟ್ಟಿಲಾಗಿ ಇಳಿಯುವ ಬೂದು ಇಟ್ಟಿಗೆ.
ಕೆತ್ತಿದವನ ಕೈ ಎಲ್ಲೆಲ್ಲಿ ನಡುಗಿತು ನನಗೆ ಗೊತ್ತು.
ಏಳನೆಯ ನಕ್ಷೆಯ ಹೊತ್ತಿಗೆ ಅವನಿಗೆ ಕನ್ನಡಕ ಬೇಕಿತ್ತು.

ಮೂರು ಮಾರು, ಎರಡೂವರೆ ಮಾರು, ನಾಲ್ಕು.
ಹಗ್ಗಕ್ಕೆ ಸೀಸ ಕಟ್ಟಿ ಇಳಿಬಿಟ್ಟು
ಯಾರೋ ಚಳಿಯಲ್ಲಿ ಕೂಗಿ ಬರೆಸಿದ ಆಳ.
ಅಂಕಿ ಮುಟ್ಟಬಾರದು, ಅದೊಂದೇ ನೇಮ.
ಮಿಕ್ಕದ್ದು, ಬೂಷ್ಟಿನ ಚುಕ್ಕಿ, ಮಸಿ ಸಿಡಿದ ಚುಕ್ಕಿ,
ಕಾಳಿನಿಂದ ಕಲ್ಲು ಆರಿಸುವ ಹಾಗೆ
ಒಂದೊಂದೇ ಆರಿಸಿ ತೆಗೆದೆ.

ಐದನೆಯ ನಕ್ಷೆಯಲ್ಲಿ, ದ್ವೀಪದ ಬಾಲದ ಬಳಿ,
ಒಂದು ನೊಣದ ಹಿಕ್ಕೆ.
ಬಹಳ ಯೋಚಿಸಿದೆ ಎಂದರೆ ಸುಳ್ಳಾದೀತು.
ಪಕ್ಕದ ನೀರಿನಿಂದ ಚಿಟಿಕೆಯಷ್ಟು ಎತ್ತಿ ಮೇಲೆ ಉದುರಿಸಿದೆ.
ಹೋಯಿತು.

ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ
ಟಿಕೆಟು ಗೂಡಿನ ಗೋಡೆಗೆ ಅಂಟಿಸಿದೆ.
ಬಂದವರು ಚಂದ ಅಂದರು. ಚಂದವೇ ಇತ್ತು.
ಹೆಲ್ದುರ್ ಮಾತ್ರ,
ಮೂವತ್ತೊಂದು ವರ್ಷ ಇದೇ ನೀರಿನಲ್ಲಿ ಹಡಗು ನಡೆಸಿದವನು,
ಮೂಗು ಹಾಳೆಗೆ ತಾಗುವಷ್ಟು ಬಾಗಿ,
ಮದುವೆಯ ಫೋಟೋದಲ್ಲಿ ಯಾರೋ ಬಿಟ್ಟುಹೋದ ಹಾಗೆ
ಹುಡುಕಿದ.
"ಮುದುಕಿ ಎಲ್ಲಿ?"
ಯಾವ ಮುದುಕಿ?
"ಬಂಡೆ ಕಣೇ. ಮೂಡಗಾಳಿ ನೀರನ್ನು ಹಿಂದಕ್ಕೆಳೆದ ದಿನ
ಒಂದಿಷ್ಟು ನೆತ್ತಿ ತೋರಿಸ್ತಾಳೆ, ಅಷ್ಟೇ.
ನಮ್ಮಪ್ಪನ ದೋಣಿಯ ಹೊಟ್ಟೆ ಸೀಳಿದವಳು.
ನಿನ್ನ ನಕ್ಷೆ ನಂಬಿ ಹೋದರೆ ನೆಟ್ಟಗೆ ಅವಳ ಮಡಿಲಿಗೆ."

ಅಂದು ರಾತ್ರಿ ಪುಸ್ತಕಕ್ಕೇ ಭೂತಗನ್ನಡಿ ಹಿಡಿದೆ.
ಹಿಕ್ಕೆ ಕಾಗದದ ಮೇಲೆ ಕೂರುತ್ತದೆ.
ಇದು ಒಳಗೆ ಇಳಿದಿತ್ತು.
ಉಕ್ಕಿನ ಮೊನೆ ಒತ್ತಿ ಹಾಕಿದ, ಸಾಸಿವೆಗಿಂತ ಚಿಕ್ಕ, ಕತ್ತರಿ ಗುರುತು.
ಮಸಿಯ ಬಣ್ಣವೂ ಬೇರೆ.
ಅಂದರೆ ಅಚ್ಚಿನಲ್ಲಿ ಅದು ಇರಲೇ ಇಲ್ಲ!
ಪುಸ್ತಕ ಕೊಂಡವನೊಬ್ಬ
ಬಂಡೆಗೆ ತಾಗಿ, ಹೇಗೋ ದಡ ಸೇರಿ,
ಬಟ್ಟೆ ಒಣಗುವ ಮೊದಲೋ ಆಮೇಲೋ
ಇಲ್ಲಿ ಎಂದು ಗುರುತಿಟ್ಟಿದ್ದಾನೆ.
ಹೊಸದಾಗಿದ್ದಾಗ ಹೇಗಿತ್ತೋ ಹಾಗೆ ಮಾಡುತ್ತೇನೆಂದು ಹೊರಟಿದ್ದೆ ನಾನು.
ಹೊಸದಾಗಿದ್ದಾಗ ಅದಕ್ಕೆ ಗೊತ್ತಿರಲಿಲ್ಲ.

ಗೋಡೆಯ ಹಾಳೆಗೆ ಹೆಲ್ದುರ್ ಬಾಲ್‌ಪೆನ್ನಿನಿಂದ ಮುದುಕಿಯನ್ನು ಮರಳಿ ತಂದ.
ಕೈ ನಡುಗಿ ತುಸು ಓರೆಯಾಗಿದ್ದಾಳೆ.
ಇರಲಿ.

ಅಳಿಸಿದ್ದನ್ನೆಲ್ಲ ಬೇರೆ ಪದರದಲ್ಲಿ ಇಟ್ಟಿದ್ದೆ, ಸದ್ಯ.
ನಕ್ಷೆಯನ್ನು ಆರಿಸಿ ಅದೊಂದನ್ನೇ ಹೊತ್ತಿಸಿದರೆ
ದಂಡೆಯಿಲ್ಲ, ಅಂಕಿಯಿಲ್ಲ,
ಕಪ್ಪು ಪರದೆಯ ತುಂಬ ಎರಡು ಸಾವಿರ ಚುಕ್ಕಿ.
ಯಾವುದು ಬೂಷ್ಟು, ಯಾವುದು ಯಾರ ಅಪ್ಪನ ದೋಣಿ?
ಮೇಲಿನ ಎಡಮೂಲೆಯಿಂದ ಮತ್ತೆ ಶುರು.
ಈ ಸಲ ಕಲ್ಲನ್ನೇ ಆರಿಸಿ ಇಟ್ಟುಕೊಳ್ಳಬೇಕು.
ತಟ್ಟೆ ಇನ್ನೂ ತೊಳೆದಿಲ್ಲ.