ಕರ್ಮಪದ

ಡರಮ್ ಸೀಮೆಯ ಸಣ್ಣ ಕೋರ್ಟು, ಬುಧವಾರ.
ನನ್ನದು ಅತಿವೇಗದ ಕೇಸು, ಸರತಿಯಲ್ಲಿ ಏಳನೆಯದು.
ಹೀಟರು ಗೊರಕೆ ಹೊಡೆಯುತ್ತಿತ್ತು.

ಕಟಕಟೆಯಲ್ಲಿ ಹಿಲ್ಡಾ ಥರ್ಲ್‌ವೆಲ್,
ಮೂವತ್ತು ವರ್ಷ ಸೈಕಲ್ಲಿನ ಮೇಲೆ ಕಾಗದ ಹಂಚಿದವಳು,
ಕೈಚೀಲವನ್ನು ಕೋಳಿಯ ಹಾಗೆ ಕಂಕುಳಲ್ಲಿ ಅವುಚಿ
ಕಂಡದ್ದನ್ನು ಹೇಳಿದಳು:

ಮುಚ್ಚಿದ ಗಣಿಯ ಹಿಂದಿನ ದಿಬ್ಬ.
ಇಬ್ಬರು ಗಂಡಸರು, ಎರಡು ಸಲಿಕೆ, ಮೂರು ನಾಯಿ.
ಬಿಲದ ಬಾಯಿಂದ ಹೊರಗೆಳೆದರು ಅದನ್ನು,
ಮೋರೆಗೆ ಬಿಳಿ ಪಟ್ಟೆ, ಗಿಡ್ಡ ಕಾಲು,
ಇರುಳೆಲ್ಲ ಎರೆಹುಳ ಹೆಕ್ಕಿ ತಿಂದು
ತನ್ನ ಪಾಡಿಗೆ ತಾನಿದ್ದ ಬ್ಯಾಜರು.
ಮೊದಲು ದವಡೆ ಮುರಿದರು, ಸಲಿಕೆಯಿಂದ.
ನಾಯಿಗೆ ಪೆಟ್ಟಾಗಬಾರದಲ್ಲ.
ನಕ್ಕರು, ಎಂದಳು. ಈಗಲೂ ಕೇಳಿಸುವುದು ಅದೊಂದೇ.

ಎದ್ದ ಅವರ ಕಡೆಯ ವಕೀಲ, ಒಳ್ಳೆಯ ಸೂಟು.
ಎಷ್ಟು ಗಂಟೆ? ಎಷ್ಟು ದೂರ?
ಕನ್ನಡಕ ಬದಲಿಸಿದ್ದು ಯಾವಾಗ?
ಚಂದ್ರ ಇದ್ದನೇ? ಇದ್ದರೆ ಎಷ್ಟಿದ್ದ?
ಒಂದೇ ಪ್ರಶ್ನೆಯ ಬಾಲ ಹಿಡಿದು ಐದು ಸಲ.
ಅವಳು ಹಿಂದೆ ಸರಿದಳು. ಹಿಂದೆ ಗೋಡೆ.

ಮ್ಯಾಜಿಸ್ಟ್ರೇಟಮ್ಮ ಪೆನ್ನು ಕುಟ್ಟಿದಳು:
"ಮಿಸ್ಟರ್ ಆಲ್ಡರ್‌ಸನ್, ಸಾಕ್ಷಿಯನ್ನು ಬ್ಯಾಜರ್ ಮಾಡಬೇಡಿ."

ರೂಢಿಯ ಮಾತು, ಅಷ್ಟೇ.
ಗುಮಾಸ್ತನ ಬೆರಳು ಕೀಲಿಮಣೆಯ ಮೇಲೆ ನಿಂತಿತು.
ಮೇಜಿನ ಮೇಲೆ, ನಂಬರು ಅಂಟಿಸಿದ ಪ್ಲಾಸ್ಟಿಕ್ ಚೀಲದಲ್ಲಿ
ಎರಡು ತುಂಡು ದವಡೆ.
ಯಾರೂ ಅತ್ತ ನೋಡಲಿಲ್ಲ,
ನೋಡದೆ ಇದ್ದುದು ಮಾತ್ರ ಎದ್ದು ಕಾಣುತ್ತಿತ್ತು.

ಎಂಥ ವ್ಯಾಕರಣವಪ್ಪ ಇದು!
ನಾಯಿಯ ಹೆಸರಿಗೂ ಒಂದು ಕ್ರಿಯಾಪದ ಉಂಟು ಆ ಭಾಷೆಯಲ್ಲಿ,
ಸಲಿಕೆ ಹಿಡಿದವನ ಹೆಸರಿಗಿಲ್ಲ.
ಕಚ್ಚಿಸಿಕೊಂಡದ್ದರ ಹೆಸರನ್ನೇ ಎತ್ತಿ
ಕಚ್ಚುವುದಕ್ಕೆ ಇಟ್ಟರು.
ಕರ್ಮಪದವನ್ನು ಹಿಂಗಾಲು ಹಿಡಿದು ಎಳೆದು
ಕ್ರಿಯಾಪದ ಮಾಡಿದರು.
ಈಗ ಮಕ್ಕಳು ಐಸ್‌ಕ್ರೀಮಿಗಾಗಿ
ಅಮ್ಮಂದಿರನ್ನು ಬ್ಯಾಜರ್ ಮಾಡುತ್ತವೆ, ಭಾನುವಾರ ಸಂಜೆ,
ಯಾರ ಹಲ್ಲಿಗೂ ರಕ್ತ ಹತ್ತದೆ.

ಬೀಗಬೇಡ, ಅಂದುಕೊಂಡೆ.
ನಿನ್ನ ನುಡಿಯಲ್ಲೂ ಕಾಡು ಎಂದರೆ ಮರಗಳ ಕಾಡು,
ಕಾಡು ಎಂದರೆ ಬಿಡದೆ ಪೀಡಿಸು.
ಬೇರು ಒಂದೋ, ಎರಡೋ, ಬಲ್ಲವರು ಹೇಳಲಿ.
ಎಷ್ಟು ಸಲ ಬಳಸಿದ್ದೀ ಅದನ್ನು,
ಒಂದು ಮರವನ್ನಾದರೂ ಕೇಳಿದೆಯಾ?

ಹಿಲ್ಡಾ ನೀರು ಕೇಳಿದಳು. ಕುಡಿದಳು.
ಕೈಚೀಲವನ್ನು ಕೆಳಗಿಟ್ಟಳು, ಮೊದಲ ಬಾರಿಗೆ.

"ಇದ್ದ," ಎಂದಳು, "ಚಂದ್ರ. ಅರ್ಧ.
ಅದಕ್ಕೂ ಕಾಣಿಸುತ್ತಿತ್ತು
ಹೊಡೆಯುವವರು ಯಾರೆಂದು."